ಎಲ್ಲರೂ ಹೃದಯದಿಂದಲೇ ಸತ್ತ ಮನೆ

ಮಾನ್ಯ ವಾಚಕ ಮಹಾಶಯರೇ, ಪೂಜ್ಯ ಮಾತೆಯರೇ, ಮನೆಗಳ ಯಜಮಾನಿಕೆಯನ್ನು ಹೊತ್ತ ಹಿರಿಯರೇ,

ಮನುಷ್ಯನನ್ನು ಕೊಲ್ಲುವ ದುಷ್ಟ ಪದ್ಧತಿಗಳು ಲೋಕದಲ್ಲಿ ಅನೇಕವುಂಟು. ಅವುಗಳಲ್ಲಿ ಕೆಲವು ಬೀದಿಯಲ್ಲಿ ನಿಂತು ಡಂಗುರ ಹೊಡೆಯುತ್ತವೆ. ಅವನ್ನು ಖಂಡಿಸಲು ಸಭೆಗಳಿವೆ, ಭಾಷಣಕಾರರಿದ್ದಾರೆ. ಆದರೆ ಸದ್ದಿಲ್ಲದೆ ಮನೆಯ ಮೂಲೆಯಲ್ಲಿ ಕುಳಿತು, ಮರ್ಯಾದೆಯೆಂಬ ಹೆಸರಿಟ್ಟುಕೊಂಡು, ಒಂದು ತಲೆಮಾರಿನ ಬಳಿಕ ಮತ್ತೊಂದನ್ನು ನುಂಗುವ ಪದ್ಧತಿಯೊಂದಿದೆ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳದಿರುವುದೇ ಆ ಪದ್ಧತಿ. ಅದು ಒಂದು ಮನೆಯಲ್ಲಿ ಮಾಡಿದ ಅನಾಹುತವನ್ನೂ, ಆ ಮನೆಯವರು ಅದರ ಕೈಯಿಂದ ಬಿಡಿಸಿಕೊಂಡ ಬಗೆಯನ್ನೂ ತಮ್ಮ ಅವಗಾಹನೆಗೆ ತರುವುದು ಈ ಬರಹದ ಉದ್ದೇಶ. ತಮ್ಮನ್ನು ಅಳಿಸುವುದಕ್ಕಾಗಿ ಕರೆಯುತ್ತಿಲ್ಲ. ಕಥೆ ಮುಗಿಯುವ ಹೊತ್ತಿಗೆ ತಮ್ಮ ಕರವಸ್ತ್ರ ಬಹುಮಟ್ಟಿಗೆ ಒಣಗಿಯೇ ಇರುತ್ತದೆಂದು ಮೊದಲೇ ಭರವಸೆ ಕೊಡುತ್ತೇನೆ.

ಆ ಮನೆಯ ಮುಂಭಾಗ ದರ್ಜಿಯ ಅಂಗಡಿ, ಹಿಂಭಾಗ ಸಂಸಾರ; ನಡುವೆ ಒಂದು ಪರದೆ. ಬೀದಿಯ ಕಡೆಯ ಕಿಟಕಿಗೆ ಒತ್ತಿಕೊಂಡಂತೆ ಎರಡು ಹೊಲಿಗೆ ಯಂತ್ರಗಳು, ಅವುಗಳ ಹಿಂದೆ ಬಾಗಿಲಿನಷ್ಟು ಅಗಲದ ಕತ್ತರಿಸುವ ಮೇಜು. ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ನೂಲಿನ ತುಣುಕುಗಳು. ಹಿತ್ತಲ ಬಾಗಿಲ ಬಳಿಯ ತಗಡಿನ ಚಾವಣಿಯ ಕೆಳಗೆ ಇಸ್ತ್ರಿ ಮೇಜು. ಅಲ್ಲಿಂದ ದಿನವಿಡೀ ಒದ್ದೆ ಬಟ್ಟೆ ಬೆಚ್ಚಗಾಗುವ ವಾಸನೆ ಒಳಗೆ ಬರುತ್ತಿತ್ತು.

ಕತ್ತರಿಸುವ ಮೇಜಿನ ಒಡೆತನ ದೊಡ್ಡತ್ತೆಯದು. ದೊಡ್ಡತ್ತೆ ಎಂದರೆ ಆ ಮನೆಯ ತೀರಿಹೋದ ಯಜಮಾನನ ಅಕ್ಕ, ಮದುವೆಯಾಗದೆ ತವರಿನಲ್ಲೇ ಉಳಿದವರು. ಕತ್ತರಿ ಅವರ ಕೈಯಲ್ಲಿ, ಟೇಪು ಅವರ ಕೊರಳಲ್ಲಿ, ಮನೆ ಅವರ ಹಿಡಿತದಲ್ಲಿ. ಗಿರಾಕಿಗಳ ಅಳತೆಯನ್ನು ಅವರಲ್ಲದೆ ಇನ್ನೊಬ್ಬರು ತೆಗೆಯುವಂತಿರಲಿಲ್ಲ. ಬೀದಿಯಲ್ಲಿ ಯಾರ ಹೊಟ್ಟೆ ಮುಂದೆ ಬಂದಿದೆ, ಯಾರ ಭುಜ ಇಳಿದಿದೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಅವರ ಅಳತೆ ಮಾತ್ರ ಯಾರಿಗೂ ತಿಳಿಯದು. ತಮ್ಮ ಅಂಗಿಯನ್ನು ತಾವೇ ಕತ್ತರಿಸಿ, ತಾವೇ ಹೊಲಿದು, ಕೊರಳಿನವರೆಗೂ ಗುಂಡಿ ಹಾಕಿಕೊಳ್ಳುವರು.

ಕಿಟಕಿಯ ಬಳಿಯ ಯಂತ್ರದಲ್ಲಿ ಕೂರುತ್ತಿದ್ದವಳು ಅವರ ತಮ್ಮನ ಮಗಳು. ತೆಳ್ಳನೆಯ ಮೈ, ಚುಚ್ಚುವ ಮಾತು. ಹಾಗಾಗಿ ಮನೆಯವರೂ ಬೀದಿಯವರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಇನ್ನೊಂದು ಯಂತ್ರ ಅವಳ ಅಣ್ಣನದು. ಅದರ ಮೇಲೆ ಈಗ ಬಟ್ಟೆ ಹೊದಿಸಿತ್ತು. ಇಸ್ತ್ರಿ ಮೇಜಿನ ಹಿಂದೆ ನಿಲ್ಲುವವನು ಅವಳ ತಮ್ಮ. ಕೆಲಸಕ್ಕಿಂತ ತಮಾಷೆಯೇ ಹೆಚ್ಚು.

"ಲೋ, ಆ ಕೋಟಿನ ಕಾಲರು ಸುಟ್ಟೀಯೆ!" ಎಂದು ದೊಡ್ಡತ್ತೆ ಕೂತಲ್ಲಿಂದಲೇ ಕೂಗುವರು.

"ಸುಟ್ಟರೆ ತಾನೆ ದೊಡ್ಡತ್ತೆ, ಅವರು ಇನ್ನೊಂದು ಹೊಲಿಸೋದು? ನಾನು ವ್ಯಾಪಾರ ಬೆಳೆಸ್ತಾ ಇದೀನಿ" ಎಂದು ಅವನು ಅಲ್ಲಿಂದಲೇ ಕೂಗುವನು.

ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜ ಹೊಲಿಯುತ್ತಿದ್ದ ತಾಯಿ ನಗುವಳು. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ನಗು ಮರಳಿದ್ದೇ ಈಚೆಗೆ.

ಅಣ್ಣ ಹೋದದ್ದು ಹೃದಯದಿಂದ. ಬಂದವರಿಗೆಲ್ಲ ದೊಡ್ಡತ್ತೆ ಹಾಗೆಯೇ ಹೇಳಿದ್ದರು. "ಇದ್ದಕ್ಕಿದ್ದ ಹಾಗೆ ಹೃದಯ ನಿಂತೋಯ್ತು" ಎಂದರು. ಅದು ಸುಳ್ಳೂ ಅಲ್ಲ. ಸಾಯುವಾಗ ಯಾರ ಹೃದಯವಾದರೂ ನಿಲ್ಲಲೇಬೇಕು. ಅದಕ್ಕೂ ಮುನ್ನ ಅವನ ಕರುಳಿನೊಳಗೆ ಬೆಳೆದದ್ದು ಏನು, ಆಸ್ಪತ್ರೆಯವರು ಅದಕ್ಕೆ ಇಟ್ಟ ಹೆಸರೇನು ಎಂಬುದು ಮನೆಯ ನಾಲ್ಕು ಗೋಡೆಯ ಒಳಗೇ ಉಳಿಯಿತು. ಗೋಡೆಯ ಒಳಗೂ ಅದಕ್ಕೆ 'ಅದು' ಎಂದಷ್ಟೇ ಹೆಸರು. ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅದಕ್ಕೂ ಹಿಂದೆ ಅಪ್ಪ ಹೃದಯದಿಂದ ಹೋಗಿದ್ದ. ದೊಡ್ಡತ್ತೆಯ ತಂಗಿಯಾದ ಚಿಕ್ಕತ್ತೆಯೂ ಹೃದಯ. ಬೇರೆ ಊರಿನಲ್ಲಿದ್ದ ಚಿಕ್ಕಪ್ಪನೂ ಹೃದಯ. ಅಜ್ಜನೂ ಹೃದಯ. ಇಷ್ಟು ದುರ್ಬಲ ಹೃದಯದವರು ಒಂದೇ ಮನೆಯಲ್ಲಿ ಹೇಗೆ ಸೇರಿದರು ಎಂದು ಯಾರೂ ಕೇಳಿರಲಿಲ್ಲ.

ಸೂಜಿಗೆ ಮೊದಲ ಅನುಮಾನ ಹುಟ್ಟಿದ್ದು ಒಂದು ಪ್ಯಾಂಟಿನಿಂದ.

"ಅಕ್ಕ, ಇದನ್ನ ಸೊಂಟದಲ್ಲಿ ಸ್ವಲ್ಪ ಹಿಡಿದು ಹೊಲಿದುಬಿಡೇ, ಜಾರ್ತಾ ಇದೆ" ಎಂದು ತಮ್ಮ ತನ್ನ ಪ್ಯಾಂಟನ್ನು ಅವಳ ಯಂತ್ರದ ಮೇಲೆ ಎಸೆದು ಹೋದ. ಅವಳು ಸೊಂಟಪಟ್ಟಿಯನ್ನು ತಿರುವಿ ನೋಡಿದಳು. ಅಲ್ಲಿ ಅವಳದೇ ಕೈಯ ಹೊಲಿಗೆ ಆಗಲೇ ಇತ್ತು. ಇದೇ ಪ್ಯಾಂಟನ್ನು ಕೆಲವು ವಾರಗಳ ಹಿಂದೆ ಒಮ್ಮೆ ಹಿಡಿದು ಹೊಲಿದಿದ್ದಳು. ಹಳೆಯ ಹೊಲಿಗೆಯ ಮೇಲೆ ಬೆರಳಿಟ್ಟುಕೊಂಡು ಅವಳು ಹಾಗೆಯೇ ಕೂತಳು. ಅಣ್ಣನ ಪ್ಯಾಂಟುಗಳನ್ನೂ ಅವಳು ಹೀಗೆಯೇ ಒಂದರ ಹಿಂದೊಂದು ಗೆರೆಯಾಗಿ ಹಿಡಿಯುತ್ತ ಹೋಗಿದ್ದಳು. ಕೊನೆಗೆ ಹಿಡಿಯಲು ಬಟ್ಟೆಯೇ ಉಳಿದಿರಲಿಲ್ಲ.

ಅವಳು ಎದ್ದು ಇಸ್ತ್ರಿ ಮೇಜಿನ ಬಳಿಗೆ ಹೋದಳು.

"ಏನಾಗಿದೆ ನಿನಗೆ?"

"ಏನಾಗಿದೆ? ಸುಂದರನಾಗ್ತಾ ಇದೀನಿ."

"ತಮಾಷೆ ಸಾಕು. ಊಟ ಸರಿಯಾಗಿ ಮಾಡ್ತಾ ಇಲ್ಲ ನೀನು. ತಟ್ಟೇಲಿ ಇರೋದನ್ನ ಬೆಕ್ಕಿಗೆ ಹಾಕೋದು ನನಗೆ ಕಾಣೋದಿಲ್ಲ ಅಂದ್ಕೊಂಡ್ಯಾ? ಬೆಕ್ಕು ನೋಡು, ಬಾಗಿಲಲ್ಲಿ ಹಿಡಿಸ್ತಾ ಇಲ್ಲ."

ತಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. ನಗು ತುಟಿಯ ಮೇಲೆ ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

"ತಿಂದ್ರೆ ರಕ್ತ ಹೋಗುತ್ತೆ ಅಕ್ಕ" ಎಂದ ಮೆಲ್ಲಗೆ. "ಕಡಿಮೆ ತಿಂದ್ರೆ ಕಡಿಮೆ ಹೋಗುತ್ತೆ. ಮೂಲವ್ಯಾಧಿ ಇರಬೇಕು. ಅಣ್ಣನ ಮುಲಾಮು ಬೀರೂನಲ್ಲೇ ಇತ್ತಲ್ಲ, ಅದನ್ನೇ ಹಚ್ಕೋತಾ ಇದೀನಿ."

ವಾಚಕರೇ, ಆ ಮುಲಾಮಿನ ಕಥೆಯನ್ನು ಇಲ್ಲಿ ಹೇಳಿಬಿಡಬೇಕು. ಅಣ್ಣನಿಗೆ ರಕ್ತ ಹೋಗಲು ತೊಡಗಿದಾಗ ಅವನು ವೈದ್ಯರ ಬಳಿಗೆ ಹೋಗಿದ್ದ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ?" ಎಂದು ಅವರು ಕೇಳಿದ್ದರು. "ಇಲ್ಲ, ನಮ್ಮನೆಯಲ್ಲಿ ಎಲ್ಲರಿಗೂ ಹೃದಯ" ಎಂದು ಅವನು ಪ್ರಾಮಾಣಿಕವಾಗಿಯೇ ಉತ್ತರಿಸಿದ್ದ. ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ವಯಸ್ಸು ಚಿಕ್ಕದು, ವಂಶದಲ್ಲಿ ಏನೂ ಇಲ್ಲ. ಮೂಲವ್ಯಾಧಿಯೇ ಇರಬೇಕೆಂದು ಅವರು ಮುಲಾಮು ಬರೆದುಕೊಟ್ಟರು, ಗುಣವಾಗದಿದ್ದರೆ ಬಾ ಎಂದರು. ಅವನು ವರ್ಷವಿಡೀ ಮುಲಾಮು ಹಚ್ಚಿದ. ಮತ್ತೆ ಹೋದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಮನೆಯವರು ತಮ್ಮ ಹುಡುಗನ ಮರ್ಯಾದೆ ಕಾಪಾಡುತ್ತಿದ್ದೇವೆಂದುಕೊಂಡು ಅವನ ಕೈಯಲ್ಲಿ ತಪ್ಪು ಉತ್ತರವನ್ನು ಕೊಟ್ಟು ಕಳಿಸಿದ್ದರು.

ಸೂಜಿ ತಮ್ಮನನ್ನು ಕೈಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಮನೆಯಲ್ಲಿ ಗುಂಡಿ ತರಲು ಹೋಗುತ್ತೇವೆ ಎಂದಳು. ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡು, ಅದೇ ಪ್ರಶ್ನೆ ಕೇಳಿದರು.

"ನಮ್ಮನೇಲಿ ಎಲ್ಲರಿಗೂ ಹೃದಯ ಡಾಕ್ಟ್ರೇ" ಎಂದ ತಮ್ಮ, ಪಾಠ ಒಪ್ಪಿಸುವವನಂತೆ.

"ಸುಳ್ಳು" ಎಂದಳು ಸೂಜಿ. "ಅಣ್ಣನಿಗೆ ಕರುಳಿನ ಕ್ಯಾನ್ಸರ್."

ಆ ಶಬ್ದವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕೋಣೆಯ ಚಾವಣಿ ಕಳಚಿ ಬೀಳಲಿಲ್ಲ. ಡಾಕ್ಟರಮ್ಮ ಕನ್ನಡಕವನ್ನು ಕೆಳಗಿಳಿಸಿದರು.

"ನಿಮ್ಮ ತಂದೆಗೆ?"

"ಹೃದಯ ಅಂತಾರೆ. ಹೊಟ್ಟೆ ನೋವು ಅಂತ ತುಂಬಾ ದಿನ ಮಲಗಿದ್ರು."

"ಅತ್ತೆಯರು?"

"ಚಿಕ್ಕತ್ತೆ ಹೃದಯಾನೇ. ಎದೇಲಿ ಏನೋ ಗಂಟಿತ್ತು ಅಂತ ಅಮ್ಮ ಒಂದ್ಸಲ ಬಾಯ್ತಪ್ಪಿ ಹೇಳಿದ್ಲು."

"ಎದೆಯ ಗಂಟನ್ನು ಹೃದಯದ ಲೆಕ್ಕಕ್ಕೆ ಬರೆದಿದ್ದಾರೆ" ಎಂದರು ಡಾಕ್ಟರಮ್ಮ. ಅವರ ದನಿಯಲ್ಲಿ ಗೇಲಿಯಿರಲಿಲ್ಲ. "ನೋಡಮ್ಮ, ಕೆಲವು ಮನೆಗಳಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು, ಕೆಲವರಲ್ಲಿ ಕರುಳಿನದು, ಕೆಲವರಲ್ಲಿ ಎರಡೂ. ಹುಟ್ಟುವಾಗಲೇ ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ದೋಷ ಕಾರಣವಾಗಿರಬಹುದು. ದೋಷ ಬಂದವರಿಗೆಲ್ಲ ಕಾಯಿಲೆ ಬಂದೇ ತೀರುತ್ತೆ ಅಂತಲ್ಲ. ಬರೋ ಸಂಭವ ಜಾಸ್ತಿ. ಮೊದಲೇ ತಿಳಿದರೆ ಕಾಯಬಹುದು, ಸುರುವಿನಲ್ಲೇ ಹಿಡೀಬಹುದು. ನಿಮ್ಮ ತಮ್ಮನ ಕರುಳನ್ನ ಕ್ಯಾಮೆರಾ ಬಿಟ್ಟು ನೋಡಲೇಬೇಕು, ತಡ ಮಾಡೋ ಹಾಗಿಲ್ಲ. ಇನ್ನೊಂದು. ನಿಮ್ಮ ಮನೇಲಿ ಈ ಕಾಯಿಲೆ ಬಂದು ಉಳಿದವರು ಯಾರಾದ್ರೂ ಇದ್ದರೆ, ಅವರ ರಕ್ತದಿಂದ ಪರೀಕ್ಷೆ ಶುರು ಮಾಡಿದ್ರೆ ದಾರಿ ಸುಲಭ."

"ಉಳಿದವರು ಯಾರೂ ಇಲ್ಲ" ಎಂದಳು ಸೂಜಿ.

ಮನೆಯ ತಿರುವಿನಲ್ಲಿ ತಮ್ಮ ನಿಂತು, "ನಾನು ಆ ಕ್ಯಾಮೆರಾ ಗೀಮೆರಾಕ್ಕೆ ಬರಲ್ಲ ಅಕ್ಕ" ಎಂದ.

"ಯಾಕೋ?"

"ಬಂದು? ಇದೆ ಅಂತಾರೆ. ಆಮೇಲೆ ಅಣ್ಣನ ಹಾಗೆ ಹಾಸಿಗೆ ಹಿಡಿದು ಎಲ್ಲರ ಮುಖ ನೋಡ್ತಾ ಬಿದ್ದಿರಬೇಕು. ತಿಳೀದೇ ಇದ್ರೆ ಇನ್ನೊಂದಷ್ಟು ದಿನ ನಗ್ತಾ ಇರ್ತೀನಿ. ನಮ್ಮನೇಲಿ ಒಬ್ಬರಾದ್ರೂ ಉಳಿದಿದಾರಾ? ಒಬ್ಬರನ್ನ ತೋರಿಸು, ಈಗಲೇ ಬರ್ತೀನಿ."

ಸೂಜಿ ಅವನ ತೋಳು ಹಿಡಿದು ಮನೆಯೊಳಗೆ ಕರೆದುಕೊಂಡು ಹೋದಳು.

ಆ ಮಧ್ಯಾಹ್ನ ಅವಳು ಮನೆಯವರ ಎದುರಿಗೆ ಮಾತು ತೆಗೆದಳು. ಡಾಕ್ಟರಮ್ಮನ ಬಳಿ ಹೋಗಿದ್ದನ್ನೂ, ಅವರು ಹೇಳಿದ್ದನ್ನೂ, ಉಳಿದ ಒಬ್ಬರನ್ನಾದರೂ ತೋರಿಸು ಎಂದು ತಮ್ಮ ಪಟ್ಟುಹಿಡಿದದ್ದನ್ನೂ ಒಂದೂ ಬಿಡದೆ ಹೇಳಿದಳು. ತಾಯಿಯ ಕೈಯಲ್ಲಿದ್ದ ಸೂಜಿದಾರ ಕೆಳಗೆ ಬಿತ್ತು. ದೊಡ್ಡತ್ತೆ ಮಾತ್ರ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ಇದ್ದರು.

"ಹೊರಗಿನವರ ಹತ್ರ ಮನೆ ಮಾತು ಆಡಿ ಬಂದ್ಯಾ?" ಎಂದರು.

"ಡಾಕ್ಟ್ರು ಹೊರಗಿನವರಾ ದೊಡ್ಡತ್ತೆ?"

"ನಮ್ಮ ಮನೇಲಿ ಊಟ ಮಾಡದವರೆಲ್ಲ ಹೊರಗಿನವರೇ. ಆ ಹೆಸರು ಒಂದ್ಸಲ ಬೀದೀಲಿ ಬಿದ್ರೆ ಏನಾಗುತ್ತೆ ಗೊತ್ತಾ? ಅಂಗಡಿಗೆ ಬರೋರು ಬಾಗಿಲಲ್ಲೇ ನಿಂತು ಮೂಗು ಮುಚ್ಕೋತಾರೆ. ನಿನ್ನ ಮದುವೆ ಮಾತು ನಡೀತಾ ಇದೆ. ಆ ಹುಡುಗನ ಅಕ್ಕ ನಾಳೆ ಅಳತೆ ಕೊಡೋಕೆ ಅಂತ ಬರ್ತಾಳೆ. ಅಳತೆ ಒಂದು ನೆಪ. ಬರೋದು ನಿನ್ನ ನೋಡೋಕೆ. ಎರಡು ದಿನ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂರು."

"ಹೌದೇ," ಎಂದಳು ತಾಯಿ, ಅಳುದನಿಯಲ್ಲಿ. "ಅಲ್ಲದೆ ನನ್ನ ತವರಿನ ಕಡೆ ಯಾರಿಗೂ ಅದು ಇಲ್ಲ. ಎದೆ ಕಾಯಿಲೆ ಹೆಣ್ಣುಮಕ್ಕಳಿಗೆ ತಾಯಿ ಕಡೆಯಿಂದ ತಾನೆ ಬರೋದು? ನಿನಗ್ಯಾಕೆ ಬರುತ್ತೆ?"

ಸೂಜಿ ಗೋಡೆಗೆ ನೇತುಹಾಕಿದ್ದ ಕಾಗದದ ಅಚ್ಚುಗಳಲ್ಲಿ ಎರಡನ್ನು ತೆಗೆದು ತಾಯಿಯ ಮಡಿಲಿಗಿಟ್ಟಳು. ಅಂಗಿ ಕತ್ತರಿಸುವ ಮುನ್ನ ಬಟ್ಟೆಯ ಮೇಲೆ ಇಟ್ಟುಕೊಳ್ಳುವ ಅಚ್ಚುಗಳವು.

"ಅಮ್ಮಾ, ಅಪ್ಪನ ಹತ್ರ ಹೀಗೆ ಎರಡು ಅಚ್ಚು ಇತ್ತು ಅಂದ್ಕೋ. ಒಂದರ ಕಂಕುಳು ತಪ್ಪಾಗಿ ಕತ್ತರಿಸಿದೆ, ಇನ್ನೊಂದು ಸರಿಯಾಗಿದೆ. ನಮಗೆ ಒಬ್ಬೊಬ್ಬರಿಗೂ ಅವನು ಎರಡರಲ್ಲಿ ಒಂದು ಕೊಟ್ಟ. ಯಾರಿಗೆ ಯಾವುದು ಬಂತು ಅಂತ ನೋಡದೆ ಹೇಳೋಕಾಗಲ್ಲ. ಅಚ್ಚು ಅಪ್ಪನದಾದ್ರೆ ಹೆಣ್ಣುಮಗಳ ಅಂಗಿ ಅದರಿಂದ ಬರಲ್ಲ ಅಂತೀಯಾ? ಅಪ್ಪನಿಗೆ ಎದೆ ಕಾಯಿಲೆ ಬರದೇ ಇರಬಹುದು. ಅವನ ಮಗಳಿಗೆ ಅವನಿಂದಲೇ ಬರಬಹುದು."

ತಾಯಿ ಅಚ್ಚುಗಳನ್ನು ಬೆರಳಿನಿಂದ ಸವರಿದಳು. ಉತ್ತರ ಕೊಟ್ಟವರು ದೊಡ್ಡತ್ತೆ.

"ನಿನ್ನ ಅಪ್ಪ ಹೃದಯದಿಂದ ಸತ್ತ. ಮುಗೀತು."

"ಅಣ್ಣ?"

"ಅವನೂ."

"ನಾಳೆ ತಮ್ಮ?"

ದೊಡ್ಡತ್ತೆ ಸೀಮೆಸುಣ್ಣ ಬಿಟ್ಟು ಕತ್ತರಿ ಎತ್ತಿಕೊಂಡರು. ಅದು ಗೆರೆಯುದ್ದಕ್ಕೂ ಬಟ್ಟೆಯನ್ನು ಸೀಳುತ್ತ ಹೋಯಿತು.

ಮರುದಿನ ಹುಡುಗನ ಅಕ್ಕ ಬಂದಳು. ನಯವಾದ ಹೆಂಗಸು, ಕಣ್ಣು ಮಾತ್ರ ಸುತ್ತಲೂ ಓಡಾಡುತ್ತಿತ್ತು. ಅಳತೆ ಮುಗಿಯಿತು, ಟೀ ಮುಗಿಯಿತು. ಬಟ್ಟೆ ಹೊದಿಸಿದ ಯಂತ್ರದ ಮೇಲೆ ಅವಳ ದೃಷ್ಟಿ ನಿಂತಿತು.

"ಪಾಪ, ಅಷ್ಟು ಚಿಕ್ಕ ವಯಸ್ಸು" ಎಂದಳು. "ಏನಾಗಿತ್ತು ನಿಮ್ಮ ಅಣ್ಣನಿಗೆ?"

"ಹೃದಯ ಕಣಮ್ಮ" ಎಂದರು ದೊಡ್ಡತ್ತೆ, ಟೇಪನ್ನು ಸುತ್ತುತ್ತ. "ಇದ್ದಕ್ಕಿದ್ದ ಹಾಗೆ."

ಸೂಜಿ ಯಂತ್ರದ ಮೇಲಿನ ಕೈ ತೆಗೆದಳು. ಈ ಒಂದು ಕ್ಷಣ ಸುಮ್ಮನಿದ್ದರೆ ಸಾಕು, ಮದುವೆ ನಡೆಯುತ್ತದೆ. ಆದರೆ ಇಂಥ ಕ್ಷಣಗಳಲ್ಲಿ ಒಬ್ಬೊಬ್ಬರು ಸುಮ್ಮನಿದ್ದುದರಿಂದಲೇ ಆ ಯಂತ್ರದ ಮೇಲೆ ಬಟ್ಟೆ ಬಿದ್ದಿತ್ತು.

"ಅಲ್ಲ" ಎಂದಳು. "ಕರುಳಿನ ಕ್ಯಾನ್ಸರ್. ಅಪ್ಪನಿಗೂ ಅದೇ ಇದ್ದಿರಬೇಕು. ಚಿಕ್ಕತ್ತೆಗೆ ಎದೆಯ ಕ್ಯಾನ್ಸರ್. ನನ್ನ ತಮ್ಮನಿಗೆ ಪರೀಕ್ಷೆ ಆಗಬೇಕು, ನನಗೂ ಆಗಬೇಕು. ಮದುವೆ ಮಾತು ಮುಂದುವರಿಸೋದಾದ್ರೆ ಇದನ್ನ ತಿಳ್ಕೊಂಡೇ ಮುಂದುವರಿಸಿ."

ಆ ಹೆಂಗಸು ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟಳು. "ಮನೆಯವರನ್ನ ಕೇಳಿ ಹೇಳ್ತೀವಿ" ಎಂದಳು. ಹೋಗುವಾಗ ತನ್ನ ಬಟ್ಟೆಯನ್ನು ಅಂಗಡಿಯಲ್ಲೇ ಬಿಡಲೋ ತೆಗೆದುಕೊಂಡು ಹೋಗಲೋ ಎಂದು ಹೊಸ್ತಿಲಲ್ಲಿ ತಡವರಿಸಿ, ಕೊನೆಗೆ ಕಂಕುಳಲ್ಲಿ ಇಟ್ಟುಕೊಂಡೇ ಹೋದಳು.

ಇನ್ನು ಸಿಡಿಲು ಬೀಳುತ್ತದೆಂದು ಸೂಜಿ ಕಾದಳು. ದೊಡ್ಡತ್ತೆ ಎದ್ದು ಬೀದಿಬಾಗಿಲಿನ ಅಗಳಿ ಹಾಕಿದರು. ಅವರ ಮುಖ ಸುಣ್ಣದಂತೆ ಬಿಳಿಚಿತ್ತು.

"ಎಂಥ ಧೈರ್ಯವೇ ನಿಂದು" ಎಂದರು. ಬೈಗುಳವೋ ಬೆರಗೋ ಗೊತ್ತಾಗಲಿಲ್ಲ. ಬಳಿಕ, "ಟೇಪು ತಗೊಂಡು ಒಳಗೆ ಬಾ" ಎಂದರು.

"ಯಾರ ಅಳತೆ?"

"ನಂದು."

ಪರದೆಯ ಹಿಂದೆ, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಮೂಲೆಯಲ್ಲಿ, ದೊಡ್ಡತ್ತೆ ಕೊರಳಿನ ಗುಂಡಿಯಿಂದ ತೊಡಗಿ ಒಂದೊಂದನ್ನೇ ಬಿಚ್ಚಿದರು. ಅಂಗಿಯ ಎಡಭಾಗದ ಅಸ್ತರಿನೊಳಗೆ ಹತ್ತಿ ತುಂಬಿದ ಮೆತ್ತೆಯೊಂದನ್ನು ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದರೆಂದರೆ, ಹತ್ತಿರದಲ್ಲೇ ಬೆಳೆದ ಸೂಜಿಗೂ ಅದು ಎಂದೂ ಕಂಡಿರಲಿಲ್ಲ. ಅಂಗಿ ಸರಿದಾಗ ಅಲ್ಲಿ ಸ್ತನವಿರಲಿಲ್ಲ. ಪಕ್ಕೆಲುಬಿನ ಮೇಲೆ ಚರ್ಮ ಚಪ್ಪಟೆಯಾಗಿತ್ತು. ಕಂಕುಳಿನವರೆಗೂ ಓರೆಯಾಗಿ ಹಳೆಯ ಗಾಯದ ಗೆರೆ.

"ಹೊಲಿಗೆ ಚೆನ್ನಾಗಿಲ್ಲ" ಎಂದರು ದೊಡ್ಡತ್ತೆ. "ನಾನಾಗಿದ್ರೆ ಇಷ್ಟು ದೊಡ್ಡ ಟಾಕು ಹಾಕ್ತಾ ಇರಲಿಲ್ಲ."

ಸೂಜಿ ಟೇಪನ್ನು ಸುತ್ತಿ ಕೆಳಗಿಟ್ಟಳು. "ಯಾವಾಗ?"

"ನಿನ್ನಷ್ಟು ವಯಸ್ಸಿದ್ದಾಗ. ದೂರದ ಊರಲ್ಲಿ ಹೊಲಿಗೆ ಕಲಿಯೋಕೆ ಹೋಗಿದಾಳೆ ಅಂತ ನಮ್ಮಮ್ಮ ಎಲ್ಲರಿಗೂ ಹೇಳಿದ್ಲು. ಹೋಗಿದ್ದು ಆಸ್ಪತ್ರೆಗೆ. ವಾಪಸ್ ಬಂದಾಗ ಆಣೆ ಹಾಕಿಸ್ಕೊಂಡ್ಲು. ಯಾರಿಗೂ ಹೇಳಬಾರದು, ನಿನ್ನ ತಮ್ಮಂದಿರಿಗೆ ಹೆಣ್ಣು ಸಿಗಲ್ಲ, ತಂಗಿಗೆ ಗಂಡು ಸಿಗಲ್ಲ ಅಂತ. ನಿನ್ನ ಅಮ್ಮನಿಗೂ ಗೊತ್ತಿಲ್ಲ."

"ದೊಡ್ಡತ್ತೆ" ಎಂದಳು ಸೂಜಿ. ಅಳು ಬರುತ್ತಿತ್ತು, ಅದರ ಜೊತೆಗೆ ನಗುವೂ ನುಗ್ಗಿ ಬರುತ್ತಿತ್ತು. "ನೀವು ಬದುಕಿದೀರಿ!"

"ಕಾಣ್ತಾ ಇಲ್ವಾ? ದಿನಾ ಬೈತಾ ಇದೀನಲ್ಲ."

"ಅಲ್ಲ, ನಿಮಗೆ ಅರ್ಥ ಆಗ್ತಾ ಇಲ್ಲ. ಅದು ಬಂದ್ರೆ ಯಾರೂ ಉಳಿಯಲ್ಲ ಅಂತ ಈ ಮನೇಲಿ ಎಲ್ಲರೂ ನಂಬಿದೀವಿ. ಮತ್ತೆ ತೋರಿಸ್ಕೊಳ್ಳೋಕೆ ಅಣ್ಣ ಹೆದರಿದ. ತಮ್ಮ ಹೆದರಿ ಮೂಲೆ ಸೇರಿದಾನೆ. ಸತ್ತವರನ್ನ ಮಾತ್ರ ನೋಡಿದ್ವಿ. ಉಳಿದವರು ನಮ್ಮೆದುರಿಗೇ ಕೂತು ಬಟ್ಟೆ ಕತ್ತರಿಸ್ತಾ ಇದ್ರು!"

ಕಾಯಿಲೆಯನ್ನು ಮುಚ್ಚಿಟ್ಟೆನೆಂದು ದೊಡ್ಡತ್ತೆಗೆ ಗೊತ್ತಿತ್ತು. ಗುಣವಾದದ್ದನ್ನೂ ಅದರ ಜೊತೆಯಲ್ಲೇ ಮುಚ್ಚಿಟ್ಟೆನೆಂಬುದು ಅವರಿಗೆ ಹೊಳೆದದ್ದು ಆಗಲೇ. ಅಂಗಿಯ ಗುಂಡಿಗಳನ್ನು ಹಾಕಿಕೊಂಡರು. ಕೊರಳಿನ ಗುಂಡಿಯನ್ನು ಮಾತ್ರ ಹಾಕಲಿಲ್ಲ. ನೇರ ಹಿತ್ತಲಿಗೆ ನಡೆದರು.

"ಏನೋ" ಎಂದರು ಇಸ್ತ್ರಿ ಮೇಜಿನ ಮುಂದೆ ನಿಂತು. "ಮನೇಲಿ ಒಬ್ಬರಾದ್ರೂ ಉಳಿದಿದಾರಾ ಅಂತ ಕೇಳಿದ್ಯಂತೆ. ನಾನು ಉಳಿದಿದೀನಿ. ಎದೆ ಕ್ಯಾನ್ಸರ್. ನೀನು ಹುಟ್ಟೋಕೆ ಮುಂಚೇನೇ ಆಗಿ, ಹೋಗಿ, ಮುಗಿದಿದೆ. ಇಸ್ತ್ರಿ ಆರಿಸು. ಡಾಕ್ಟ್ರ ಹತ್ರ ಹೋಗೋಣ."

ತಮ್ಮ ಬಾಯಿ ತೆರೆದುಕೊಂಡು ನಿಂತ. ಅವನ ಜೀವಮಾನದಲ್ಲಿ ತಮಾಷೆಯ ಮಾತು ಸಿಗದೆ ಹೋದದ್ದು ಅದೊಂದೇ ಸಲ. ಇಸ್ತ್ರಿಪೆಟ್ಟಿಗೆಯ ಕೆಳಗಿನ ಕೋಟಿನ ಕಾಲರು ಈ ಬಾರಿ ನಿಜಕ್ಕೂ ಸುಟ್ಟಿತು, ಯಾರೂ ಬೈಯಲಿಲ್ಲ.

ಪರೀಕ್ಷೆಯ ದಿನ ಮೂವರೂ ಹೋದರು. ಹಿಂದಿನ ದಿನವೆಲ್ಲ ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು ತಮ್ಮ ಹೈರಾಣಾಗಿದ್ದ. "ನನ್ನೊಳಗೆ ಇನ್ನು ಉಳಿದಿರೋದು ಮಾನ ಒಂದೇ, ಅದನ್ನ ಅವರು ಒಳಗೆ ತೆಗೀತಾರೆ" ಎನ್ನುತ್ತ ಬಾಗಿಲ ಹಿಂದೆ ಮರೆಯಾದ.

ದೊಡ್ಡತ್ತೆ ತೋಳು ಚಾಚಿ ಪರೀಕ್ಷೆಗೆ ರಕ್ತ ಕೊಟ್ಟರು. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು: ತಮ್ಮ ಅಪ್ಪನಿಗೆ ಕರುಳು, ಇಬ್ಬರು ತಮ್ಮಂದಿರಿಗೂ ಕರುಳು, ತಂಗಿಗೆ ಎದೆ. ಹೇಳುತ್ತ ಹೋದಂತೆ ಅವರ ದನಿ ಗಟ್ಟಿಯಾಯಿತು. ಇಷ್ಟು ವರ್ಷ ಕಟ್ಟಿಟ್ಟ ಮಾತಿಗೆ ಒಮ್ಮೆ ಬಾಗಿಲು ತೆರೆದ ಮೇಲೆ ಮುಚ್ಚುವುದು ಕಷ್ಟವಾಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನತ್ತ ತಿರುಗಿ, "ನಿಮ್ಮನೇಲಿ ಯಾರು ಯಾವುದರಿಂದ ಸತ್ತರಮ್ಮ?" ಎಂದು ಕುಶಲ ಕೇಳುವಂತೆ ಕೇಳಿಬಿಟ್ಟರು.

"ದೊಡ್ಡತ್ತೆ!" ಎಂದು ಸೂಜಿ ಅವರ ತೋಳು ಜಗ್ಗಿದಳು.

"ಯಾಕೆ? ಮುಚ್ಚಿಡಬಾರದು ಅಂತ ನೀನೇ ಹೇಳಿದ್ಯಲ್ಲ."

ಆ ಹೆಂಗಸು ಎಡಬಲ ನೋಡಿ, ದೊಡ್ಡತ್ತೆಯ ಕಿವಿಗೆ ಬಾಗಿ, "ಎಲ್ಲರೂ ಹೃದಯ ಅಂತಾರೆ" ಎಂದಳು. ದೊಡ್ಡತ್ತೆ ಅವಳ ಕಡೆಗೆ ಇನ್ನಷ್ಟು ಸರಿದು ಕೂತರು.

ಡಾಕ್ಟರಮ್ಮ ಬಂದಾಗ ಸೂಜಿ ಎದ್ದು ನಿಂತಳು.

"ಕರುಳಿನಲ್ಲಿ ಸಣ್ಣ ಗಂಟುಗಳಿದ್ದವು" ಎಂದರು ಅವರು. "ಅಲ್ಲೇ ಎಲ್ಲವನ್ನೂ ತೆಗೆದಿದ್ದೀವಿ. ಒಂದು ಸ್ವಲ್ಪ ದೊಡ್ಡದಿತ್ತು, ರಕ್ತ ಬರ್ತಾ ಇದ್ದದ್ದು ಅದರಿಂದ. ಪರೀಕ್ಷೆಗೆ ಕಳಿಸ್ತೀನಿ. ನೋಡೋಕೆ ಕ್ಯಾನ್ಸರ್ ಅನ್ನಿಸ್ತಾ ಇಲ್ಲ. ಬಿಟ್ಟಿದ್ದರೆ ಆಗ್ತಿತ್ತು."

"ಮತ್ತೆ ಅವನು ಅಷ್ಟು ಸೊರಗಿರೋದು?"

"ತಟ್ಟೇಲಿರೋದನ್ನ ಬೆಕ್ಕಿಗೆ ಹಾಕ್ಕೊಂಡಿದ್ರೆ ಇನ್ನೇನಾಗುತ್ತೆ? ಅದು ಕಾಯಿಲೆ ಅಲ್ಲಮ್ಮ, ಹೆದರಿಕೆ. ಮನೆಗೆ ಕರ್ಕೊಂಡು ಹೋಗಿ ಹೊಟ್ಟೆ ತುಂಬ ಊಟ ಹಾಕಿ."

ಸೂಜಿ ಬೆಂಚಿನ ಮೇಲೆ ಕುಸಿದು ಕೂತು ದೊಡ್ಡತ್ತೆಯ ಎದೆಗೆ ಮುಖ ಒತ್ತಿದಳು. ಹತ್ತಿಯ ಮೆತ್ತೆ ಅವಳ ಕಣ್ಣೀರನ್ನೆಲ್ಲ ಹೀರಿಕೊಂಡಿತು. ಕೆಲವು ದಿನಗಳ ಬಳಿಕ ಗಂಟಿನ ಪರೀಕ್ಷೆಯ ಫಲ ಬಂತು: ದೊಡ್ಡದರೊಳಗೆ ಮುಂದೆ ಕ್ಯಾನ್ಸರ್ ಆಗಬಹುದಾದ ಲಕ್ಷಣ ಆಗಲೇ ಕಾಣಿಸಿಕೊಂಡಿತ್ತು, ಆದರೆ ಬುಡ ಶುದ್ಧವಾಗಿತ್ತು, ಪೂರ್ತಿ ಹೊರಗೆ ಬಂದಿತ್ತು.

ಮದುವೆಯ ಮಾತು ಮುರಿದುಬಿತ್ತು. ಹುಡುಗನ ಕಡೆಯವರು ಜಾತಕವನ್ನೂ ದೂರಲಿಲ್ಲ, ಹುಡುಗಿಯನ್ನೂ ದೂರಲಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು. ಸೂಜಿ ಒಂದು ದಿನ ಯಂತ್ರದ ಮುಂದೆ ಕೂತು ಅತ್ತಳು. ದೊಡ್ಡತ್ತೆ ಕತ್ತರಿ ಕೆಳಗಿಟ್ಟು ಹೇಳಿದರು: "ಹೋದ್ರೆ ಹೋಗಲಿ ಬಿಡೇ. ಅವನ ಎಡಭುಜ ಇಳಿದಿತ್ತು. ಯಾವ ಕೋಟು ಹೊಲಿದ್ರೂ ಅವನ ಮೇಲೆ ಕೂರ್ತಾ ಇರಲಿಲ್ಲ." ಅಳುತ್ತಿದ್ದವಳು ನಕ್ಕಳು. ಅಂಗಡಿಗೆ ಬರುವವರು ಮೂಗು ಮುಚ್ಚಿಕೊಳ್ಳಲಿಲ್ಲ. ಕೆಲವರು ಬಟ್ಟೆಯ ನೆಪದಲ್ಲಿ ಬಂದು, ಪರದೆಯ ಹಿಂದೆ ದೊಡ್ಡತ್ತೆಯೊಡನೆ ಪಿಸುಮಾತಾಡಿ, ಡಾಕ್ಟರಮ್ಮನ ವಿಳಾಸ ಪಡೆದು ಹೋದರು. ಇಬ್ಬರು ಹಳೆಯ ಗಿರಾಕಿಗಳು ಮಾತ್ರ ಎದುರು ಬೀದಿಯ ದರ್ಜಿಯ ಕಡೆಗೆ ಹೋದರೆಂಬುದನ್ನು ಮರೆಮಾಚಬಾರದು.

ದೊಡ್ಡತ್ತೆಯ ರಕ್ತಪರೀಕ್ಷೆಯ ಫಲ ಬಂದಾಗ, ಡಾಕ್ಟರಮ್ಮ ಊಹಿಸಿದಂತೆಯೇ ದೋಷ ಅಲ್ಲಿತ್ತು. ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ ಸೂಜಿಯ ಮತ್ತು ಅವಳ ತಮ್ಮನ ರಕ್ತವನ್ನೂ ನೋಡಿದರು. ಇಬ್ಬರಲ್ಲೂ ಅದು ಸಿಕ್ಕಿತು. ಸೂಜಿಯ ಎದೆಯ ಚಿತ್ರ ತೆಗೆದರು. ಎಲ್ಲಿಯೂ ಏನೂ ಇರಲಿಲ್ಲ. ಇನ್ನು ಮೇಲೆ ಅವಳು ವರ್ಷ ವರ್ಷವೂ ಎದೆ ತೋರಿಸಿಕೊಳ್ಳಬೇಕು, ಇಬ್ಬರೂ ಕರುಳು ತೋರಿಸಿಕೊಳ್ಳಬೇಕು. ಆ ಸುದ್ದಿ ಕೇಳಿದಾಗ ತನಗೆ ಭಯವಾಗುತ್ತದೆಂದು ಸೂಜಿ ಅಂದುಕೊಂಡಿದ್ದಳು. ಆದದ್ದು ಬೇರೆ. ಕತ್ತಲ ಕೋಣೆಯಲ್ಲಿ ಏನೋ ಓಡಾಡುತ್ತಿದೆ ಎಂದು ಉಸಿರು ಬಿಗಿಹಿಡಿದವಳಿಗೆ ದೀಪ ಹಚ್ಚಿಕೊಟ್ಟಂತಾಯಿತು. ಅಲ್ಲೊಂದು ಪ್ರಾಣಿ ಇದ್ದದ್ದು ನಿಜ. ಆದರೆ ಅದು ಎಲ್ಲಿದೆ ಎಂದು ಈಗ ಕಾಣುತ್ತಿತ್ತು.

"ವರ್ಷಕ್ಕೊಂದ್ಸಲ ಇಬ್ಬರೂ ಒಟ್ಟಿಗೇ ಹೋಗೋಣ ಅಕ್ಕ" ಎಂದ ತಮ್ಮ, ಮೂರನೆಯ ಬಾರಿ ಬಡಿಸಿಕೊಳ್ಳುತ್ತ. "ಹಿಂದಿನ ದಿನದ ಔಷಧಿ ಮಾತ್ರ ನೀನು ಮೊದಲು ಕುಡಿ. ಇರೋದು ಒಂದೇ ಪಾಯಖಾನೆ." ಬೆಕ್ಕು ಖಾಲಿ ತಟ್ಟೆಯನ್ನು ನೋಡಿ ಮುಖ ತಿರುಗಿಸಿತು.

ಇನ್ನೊಂದು ಕೆಲಸ ಉಳಿದಿತ್ತು. ದೊಡ್ಡತ್ತೆಯ ಕಿರಿಯ ತಮ್ಮನ ಮಕ್ಕಳು ಬೇರೊಂದು ಊರಿನಲ್ಲಿದ್ದರು. ಆ ತಮ್ಮನೂ 'ಹೃದಯ'ದಿಂದಲೇ ಹೋದವನು. ಅವರಿಗೆ ತಿಳಿಸಬೇಕು ಎಂದಿದ್ದರು ಡಾಕ್ಟರಮ್ಮ. ಫೋನಿನಲ್ಲಿ ಹೇಳೋಣವೇ ಎಂದಳು ಸೂಜಿ.

"ಇಷ್ಟು ವರ್ಷ ಸುಳ್ಳನ್ನ ಮನೆಮನೆಗೆ ಹೋಗಿ ಹೇಳಿದೀನಿ" ಎಂದರು ದೊಡ್ಡತ್ತೆ. "ನಿಜಾನೂ ಹೋಗೇ ಹೇಳ್ತೀನಿ."

ಇಬ್ಬರೂ ಬಸ್ಸು ಹತ್ತಿ ಹೋದರು. ಮೂರನೆಯ ಮಹಡಿಯ ಬಾಗಿಲನ್ನು ಆ ಕಿರಿಯ ತಮ್ಮನ ಮಗಳು ತೆರೆದಳು. ಹೇಳದೆ ಕೇಳದೆ ಎಂದೂ ಬಾರದ ದೊಡ್ಡತ್ತೆಯನ್ನು ಹೊಸ್ತಿಲಲ್ಲಿ ಕಂಡು ಅವಳ ಬಣ್ಣ ಇಳಿಯಿತು.

"ದೊಡ್ಡತ್ತೆ! ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣಮ್ಮ" ಎಂದರು ದೊಡ್ಡತ್ತೆ, ಏದುಸಿರು ಬಿಡುತ್ತ ಚಪ್ಪಲಿ ಕಳಚಿ. "ಯಾರೂ ಹೋಗಬಾರದು ಅಂತಲೇ ಬಂದಿದೀನಿ. ಎಲ್ಲರನ್ನೂ ಕರಿ, ಕೂತ್ಕೊಳ್ಳಿ. ನಿಮ್ಮಪ್ಪ ಯಾವುದರಿಂದ ಸತ್ತ ಅಂತ ಹೇಳ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಕುರ್ಚಿ ಎಳೆಯುವ ಸದ್ದು, ಬಳಿಕ ದೊಡ್ಡತ್ತೆಯ ಗಟ್ಟಿ ದನಿ.

ಮಾನ್ಯ ವಾಚಕರೇ, ಆ ಮಾತು ಅವರ ಮನೆಯದು. ಕಥೆ ಹೇಳುವವನಿಗೆ ಅದರೊಳಗೆ ಕೆಲಸವಿಲ್ಲ. ತಮ್ಮಲ್ಲಿ ಬೇಡುವುದು ಇಷ್ಟೇ: ಇಂದಿನ ಊಟದ ಹೊತ್ತಿಗೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಯಾರು ಯಾವುದರಿಂದ ಹೋದರು, ಯಾವ ವಯಸ್ಸಿನಲ್ಲಿ ಹೋದರು, ಯಾರು ಬಂದದ್ದನ್ನು ಗೆದ್ದು ಉಳಿದರು ಎಂದು ಕೇಳಿರಿ. ಬೈದರೆ ಬೈಸಿಕೊಳ್ಳಿರಿ, ಮತ್ತೆ ಕೇಳಿರಿ. ಕೇಳಿದ್ದನ್ನು ವೈದ್ಯರ ಮುಂದೆ ಹೇಳಿರಿ. ಕಥೆ ಹೇಳುತ್ತ ಊರೂರು ಅಲೆಯುವ ನನ್ನ ಆಸ್ತಿಯೋ, ಒಂದು ಜೊತೆ ಬಟ್ಟೆ, ಒಂದು ಹೊದಿಕೆ, ಬೆನ್ನು ಕಿತ್ತುಹೋದ ಎರಡು ಪುಸ್ತಕ. ಎಲ್ಲವನ್ನೂ ಚೀಲಕ್ಕೆ ತುರುಕಿ ಬಾಯಿ ಕಟ್ಟಿದ್ದಾಗಿದೆ. ಕೆಳಗೆ ಬಸ್ಸು ಹಾರನ್ ಹೊಡೆಯುತ್ತಿದೆ; ಎಲ್ಲಿಗೆ ಹೋಗುತ್ತದೆಂದು ಕೇಳಿಲ್ಲ, ಹತ್ತಿದ ಮೇಲೆ ಕೇಳಿದರಾಯಿತು. ಬರುತ್ತೇನೆ.